ಪಾತ್ರಾಭಿನಯದ ಆಟಗಳಲ್ಲಿ ಕಾಳಗದ ಗತಿ

೧

ಕಥೆಯೊಳಗೆ ಸರಿಯುವ ಕಾಲ ಒಂದು. ಆ ಕಥೆಯನ್ನು ಹೇಳುವುದಕ್ಕೂ ಕೇಳುವುದಕ್ಕೂ ತಗಲುವ ಕಾಲ ಇನ್ನೊಂದು. ಹನ್ನೆರಡು ವರ್ಷಗಳ ವನವಾಸವನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುವ ಕಥೆಗಾರನೇ, ಬಿಲ್ಲಿನಿಂದ ಹೊರಟ ಬಾಣವು ಗುರಿಯನ್ನು ಮುಟ್ಟುವಷ್ಟರೊಳಗಿನ ಕ್ಷಣವನ್ನು ಒಂದು ಸಂಧಿಯುದ್ದಕ್ಕೂ ಬೆಳೆಸಬಲ್ಲನು. ಈ ಎರಡು ಕಾಲಗಳ ಪರಸ್ಪರ ಪ್ರಮಾಣವನ್ನೇ ಕಥನದ ಗತಿ ಎನ್ನಬೇಕು. ಮಹಾಕಾವ್ಯದ ಗತಿಯನ್ನೂ ನಾಟಕದ ಗತಿಯನ್ನೂ ಕುರಿತು ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಹೊಸ ಕಥನಪ್ರಕಾರದಲ್ಲಿ ಇದೇ ಪ್ರಶ್ನೆಯು ಬಹುಕಾಲದಿಂದ ವಾಗ್ವಾದಕ್ಕೆ ಎಡೆಮಾಡಿಕೊಟ್ಟಿದೆ. ಆ ಪ್ರಕಾರವೇ ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟ. ಅದರಲ್ಲಿ ಮೊದಲನೆಯದೂ ಇಂದಿಗೂ ಅತ್ಯಂತ ಪ್ರಸಿದ್ಧವಾದುದೂ ಆದ ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'.

ಈ ಆಟದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ನಾಲ್ಕೈದು ಮಂದಿ ಗೆಳೆಯರು ಒಂದೆಡೆ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರನಾಗುತ್ತಾನೆ, ಉಳಿದವರಲ್ಲಿ ಪ್ರತಿಯೊಬ್ಬನೂ ಒಬ್ಬ ಯೋಧನ, ಮಾಂತ್ರಿಕನ ಅಥವಾ ಕಳ್ಳನ ಪಾತ್ರವನ್ನು ವಹಿಸುತ್ತಾನೆ. ಸೂತ್ರಧಾರನು ಪಾಳುಗುಹೆಯನ್ನೋ ಕಾಡನ್ನೋ ಮಾತಿನಲ್ಲಿ ವರ್ಣಿಸುತ್ತಾನೆ. ಆಟಗಾರರು ತಮ್ಮ ಪಾತ್ರಗಳು ಏನು ಮಾಡುತ್ತವೆ ಎಂಬುದನ್ನು ಹೇಳುತ್ತಾರೆ. ಫಲವು ಸಂದಿಗ್ಧವಾದಾಗ ದಾಳವನ್ನು ಉರುಳಿಸುತ್ತಾರೆ. ಇಲ್ಲಿ ಪ್ರೇಕ್ಷಕರೆಂಬ ಬೇರೆ ವರ್ಗವು ಅಗತ್ಯವಿಲ್ಲ. ಹೇಳುವವರೇ ಕೇಳುವವರೂ ಆಗಿದ್ದಾರೆ. ಆದುದರಿಂದ ಗತಿ ಕುಂಠಿತವಾದರೆ ಅದರ ಬೇಸರವನ್ನು ಅನುಭವಿಸಬೇಕಾದವರೂ ಅವರೇ.

ಸಂಭಾಷಣೆಯಲ್ಲಿಯೂ ಅನ್ವೇಷಣೆಯಲ್ಲಿಯೂ ಚುರುಕಾಗಿ ನಡೆಯುವ ಆಟವು ಕಾಳಗ ಆರಂಭವಾದೊಡನೆ ನಿಧಾನವಾಗುತ್ತದೆ ಎಂಬುದು ಬಹುಮಂದಿ ಆಟಗಾರರ ದೂರು. ಇದರ ಸ್ವರೂಪವು ಒಂದು ಸರಳವಾದ ಲೆಕ್ಕದಿಂದ ಸ್ಪಷ್ಟವಾಗುವುದು. ಐದು ಮಂದಿ ಆಟಗಾರರಿದ್ದಾರೆಂದೂ, ಪ್ರತಿಯೊಬ್ಬನ ಸರದಿಗೆ ಎರಡು ನಿಮಿಷ ಬೇಕೆಂದೂ, ಶತ್ರುಗಳೆಲ್ಲರ ಪರವಾಗಿ ಆಡುವ ಸೂತ್ರಧಾರನಿಗೆ ನಾಲ್ಕು ನಿಮಿಷ ಬೇಕೆಂದೂ ಇಟ್ಟುಕೊಳ್ಳೋಣ. ಆಗ ಒಂದು ಸುತ್ತಿಗೆ ೧೪ ನಿಮಿಷಗಳಾದುವು. ನಾಲ್ಕು ಸುತ್ತುಗಳ ಕಾಳಗಕ್ಕೆ ೫೬ ನಿಮಿಷಗಳು. ಈಗ ರೂಢಿಯಲ್ಲಿರುವ ನಿಯಮದಂತೆ ಒಂದು ಸುತ್ತು ಎಂದರೆ ಕಥೆಯೊಳಗಿನ ಆರು ಸೆಕೆಂಡು. ಅಂದರೆ ಕಥೆಯಲ್ಲಿ ೨೪ ಸೆಕೆಂಡುಗಳು ಕಳೆಯುವಷ್ಟರಲ್ಲಿ ಮೇಜಿನ ಮೇಲೆ ಒಂದು ಗಂಟೆ ಕಳೆದಿರುತ್ತದೆ. ಆ ಒಂದು ಗಂಟೆಯಲ್ಲಿ ಒಬ್ಬೊಬ್ಬ ಆಟಗಾರನ ಪಾಲಿಗೆ ಬಂದುದು ಎಂಟೇ ನಿಮಿಷ. ಮಿಕ್ಕ ೪೮ ನಿಮಿಷ ಅವನದು ಕಾಯುವ ಕೆಲಸ.

ಇದು ಕೇವಲ ವಿನೋದದ ವಿಷಯವೆಂದು ಉಪೇಕ್ಷಿಸುವಂತಿಲ್ಲ. ವಾರದ ದುಡಿಮೆಯ ನಡುವೆ ಹೇಗೋ ಉಳಿಸಿಕೊಂಡ ಮೂರು ನಾಲ್ಕು ಗಂಟೆಗಳನ್ನು ಒಟ್ಟಿಗೆ ಕಳೆಯಬೇಕೆಂದು ಬಂದ ಜನರ ಬಿಡುವಿನ ಪ್ರಶ್ನೆ ಇದು. ಒಬ್ಬನ ಸರದಿಯು ಇನ್ನೊಬ್ಬನ ಬಿಡುವನ್ನು ನುಂಗುತ್ತಿದ್ದರೆ ಆ ಕೂಟವು ಹೆಚ್ಚು ದಿನ ಬಾಳಲಾರದು.

೨

ಈ ನಿಧಾನಕ್ಕೆ ಒಂದು ವಂಶಾವಳಿ ಇದೆ. ಪ್ರಷ್ಯದ ಸೈನ್ಯಾಧಿಕಾರಿಗಳ ಶಿಕ್ಷಣಕ್ಕಾಗಿ ಕಿರಿಯ ರೈಸ್ವಿಟ್ಸನು ೧೮೨೪ರಲ್ಲಿ 'ಕ್ರೀಗ್‌ಷ್ಪೀಲ್' ಎಂಬ ಯುದ್ಧಕ್ರೀಡೆಯ ನಿಯಮಗಳನ್ನು ಪ್ರಕಟಿಸಿದನು. ನಕ್ಷೆಯ ಮೇಲೆ ಸೇನಾತುಕಡಿಗಳನ್ನು ನಡೆಸುವುದು, ಎರಡೆರಡು ನಿಮಿಷಗಳ ಸುತ್ತುಗಳು, ದಾಳದಿಂದಲೂ ಕೋಷ್ಟಕಗಳಿಂದಲೂ ಸಾವುನೋವಿನ ಲೆಕ್ಕ, ಎರಡು ಪಕ್ಷಗಳ ನಡುವೆ ಒಬ್ಬ ನಿರ್ಣಾಯಕ: ಇವು ಅದರ ಅಂಗಗಳು. ಅರ್ಧ ಶತಮಾನದೊಳಗಾಗಿ ಆ ಕ್ರೀಡೆಯ ಮೇಲೆಯೂ ಇಂದಿನ ದೂರೇ ಬಂದಿತು. ನಿಯಮಗಳು ಭಾರವಾಗಿವೆ, ಲೆಕ್ಕಾಚಾರದಲ್ಲಿ ಕಾಲ ಹಾಳಾಗುತ್ತಿದೆ ಎಂದು ಮೆಕೆಲನು ೧೮೭೩ರಲ್ಲಿ ಆಕ್ಷೇಪಿಸಿದನು. ೧೮೭೬ರಲ್ಲಿ ಫರ್ಡಿ ದ್ಯು ವೆರ್ನ್ವಾ ಎಂಬ ಸೇನಾನಿಯು ದಾಳವನ್ನೂ ಕೋಷ್ಟಕವನ್ನೂ ಬದಿಗಿಟ್ಟು, ಅನುಭವಿಯಾದ ನಿರ್ಣಾಯಕನ ವಿವೇಚನೆಗೇ ಫಲವನ್ನು ಒಪ್ಪಿಸಬೇಕೆಂದು ವಾದಿಸಿದನು. ನಿಯಮವು ನ್ಯಾಯವನ್ನು ಕೊಡುತ್ತದೆ, ವಿವೇಚನೆಯು ವೇಗವನ್ನು ಕೊಡುತ್ತದೆ. ಈ ಎರಡರ ತಕರಾರು ಪಾತ್ರಾಭಿನಯದ ಆಟಗಳಿಗಿಂತ ಒಂದು ಶತಮಾನದಷ್ಟು ಹಳೆಯದೆಂಬುದನ್ನು ಮರೆಯಬಾರದು.

ಇದೇ ಪರಂಪರೆಯ ಅಮೆರಿಕದ ಕವಲು, ಟಾಟನ್ ಎಂಬ ಸೈನ್ಯಾಧಿಕಾರಿಯು ೧೮೮೦ರಲ್ಲಿ ಪ್ರಕಟಿಸಿದ 'ಸ್ಟ್ರಾಟೆಗೋಸ್'. ಮಿನಿಸೋಟದ ಅವಳಿ ನಗರಗಳಲ್ಲಿ ಯುದ್ಧಕ್ರೀಡೆಯ ಹವ್ಯಾಸಿಯಾಗಿದ್ದ ಡೇವಿಡ್ ವೆಸ್ಲಿ ಆ ಗ್ರಂಥದಿಂದ ಪ್ರೇರಣೆ ಪಡೆದು, ೧೯೬೯ರಲ್ಲಿ 'ಬ್ರೌನ್‌ಸ್ಟೈನ್' ಎಂಬ ಆಟವನ್ನು ನಡೆಸಿದರು. ನೆಪೋಲಿಯನ್ನನ ಕಾಲದ ಒಂದು ಕಲ್ಪಿತ ಊರಿನತ್ತ ಎರಡು ಸೈನ್ಯಗಳು ಬರುತ್ತಿವೆ. ಹೆಚ್ಚಾಗಿ ಬಂದ ಆಟಗಾರರಿಗೆ ಕೆಲಸ ಬೇಕಲ್ಲ ಎಂದು ವೆಸ್ಲಿಯವರು ಅವರಿಗೆ ಪುರಾಧ್ಯಕ್ಷ, ಬ್ಯಾಂಕರು ಮೊದಲಾದ ನಾಗರಿಕರ ಪಾತ್ರಗಳನ್ನು ಹಂಚಿದರು. ಯೋಜಿಸಿದ ಯುದ್ಧವು ಆ ದಿನ ನಡೆಯಲೇ ಇಲ್ಲ. ಆಟಗಾರರು ಊರಿನ ತುಂಬ ಒಳಸಂಚು ನಡೆಸಿದರು. ಇಬ್ಬರು ಬಂದು ತಮ್ಮ ಪಾತ್ರಗಳ ನಡುವೆ ದ್ವಂದ್ವಯುದ್ಧ ನಡೆಯಬೇಕೆಂದಾಗ, ಅದಕ್ಕೆ ನಿಯಮವಿಲ್ಲದ್ದರಿಂದ ವೆಸ್ಲಿಯವರು ಅಲ್ಲಿಯೇ ತೀರ್ಪನ್ನು ಕಲ್ಪಿಸಬೇಕಾಯಿತು. ಆಟ ಕೆಟ್ಟಿತೆಂದು ಅವರು ಭಾವಿಸಿದರು. ಆಟಗಾರರು ಮಾತ್ರ ಇನ್ನೊಮ್ಮೆ ಆಡಬೇಕೆಂದು ಕೇಳಿದರು. ಈ ಪ್ರಕಾರದ ತೊಟ್ಟಿಲಿನಲ್ಲಿಯೇ ಕಾಳಗವು ಕ್ಷಣಿಕವಾಗಿಯೂ ಮಾತು ದೀರ್ಘವಾಗಿಯೂ ಇದ್ದುದು ಗಮನಾರ್ಹ.

ಆ ಗುಂಪಿನಲ್ಲಿದ್ದ ಡೇವ್ ಅರ್ನೆಸನ್ ಅವರು ತಮ್ಮ 'ಬ್ಲ್ಯಾಕ್‌ಮೂರ್' ಎಂಬ ಕಲ್ಪಿತ ನಾಡಿನ ಆಟಕ್ಕೆ, ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ೧೯೭೧ರಲ್ಲಿ ಪ್ರಕಟಿಸಿದ್ದ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧಕ್ರೀಡೆಯ ನಿಯಮಗಳನ್ನು ತಂದುಕೊಂಡರು. ಅದರಲ್ಲಿ ಸಾಮಾನ್ಯ ಸೈನಿಕನಿಗೆ ಒಂದು ಪೆಟ್ಟು ತಗಲಿದರೆ ಮರಣ. ಸೇನೆಯನ್ನು ನಡೆಸುವವನಿಗೆ ಇದು ಒಪ್ಪಿಗೆಯಾಗಬಹುದು. ಆದರೆ ಒಂದೇ ಪಾತ್ರವನ್ನು ವಾರಗಟ್ಟಲೆ ಪೋಷಿಸಿದವನು ಅದನ್ನು ಒಂದೇ ಉರುಳಿಗೆ ಕಳೆದುಕೊಳ್ಳಲು ಸಿದ್ಧನಿರಲಿಲ್ಲ. ಆದುದರಿಂದ ಅರ್ನೆಸನ್ ಅವರು ನೌಕಾಯುದ್ಧದ ಆಟಗಳಿಂದ ಒಂದು ಉಪಾಯವನ್ನು ಎರವಲು ತಂದರು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ. ಹಲವು ಗುಂಡುಗಳನ್ನು ತಡೆದುಕೊಳ್ಳುತ್ತದೆ. ಮನುಷ್ಯನೂ ಹಾಗೆಯೇ ಹಲವು ಪೆಟ್ಟುಗಳನ್ನು ತಡೆದುಕೊಳ್ಳಲಿ ಎಂಬ ಭಾವನೆಯಿಂದ 'ಹಿಟ್ ಪಾಯಿಂಟ್', ಅಂದರೆ ಪ್ರಾಣಾಂಕವು, ಈ ಆಟಗಳಿಗೆ ಬಂದಿತು. ಗೈಗ್ಯಾಕ್ಸ್ ಮತ್ತು ಅರ್ನೆಸನ್ ಇಬ್ಬರೂ ಕೂಡಿ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ೧೯೭೪ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವದಿಂದ ಮೂರು ಕಿರುಹೊತ್ತಗೆಗಳ ರೂಪದಲ್ಲಿ ಹೊರಬಂದಿತು.

ಹೀಗೆ ಕಾಳಗವನ್ನು ದೀರ್ಘಗೊಳಿಸಿದ ಸಾಧನವು ಪಾತ್ರದ ಮೇಲಣ ಮಮತೆಯಿಂದ ಹುಟ್ಟಿದುದು. ಇಂದಿನ ಟೀಕಾಕಾರರು ಪ್ರಾಣಾಂಕವನ್ನು ಹಳಿಯುವಾಗ ಈ ಮೂಲವನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದು ನ್ಯಾಯ.

೩

ನಿಧಾನದ ಕಾರಣವನ್ನು ಕೆಲವರು ಸುತ್ತಿನ ಅಳತೆಯಲ್ಲಿ ಹುಡುಕುತ್ತಾರೆ. ೧೯೭೪ರ ಆಟದಲ್ಲಿ ಕಾಳಗದ ಒಂದು ಸುತ್ತು ಒಂದು ನಿಮಿಷದ್ದಾಗಿತ್ತು. ೧೯೭೯ರ ಸೂತ್ರಧಾರನ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಅವರು ಈ ನಿಮಿಷವನ್ನು ಬಲವಾಗಿ ಸಮರ್ಥಿಸಿದರು: ಒಂದು ಉರುಳು ಎಂದರೆ ಒಂದು ಪೆಟ್ಟಲ್ಲ, ಆ ನಿಮಿಷದ ವರಸೆ, ತಡೆ, ಹಿಂಜರಿತಗಳೆಲ್ಲದರ ಒಟ್ಟು ಫಲ ಎಂಬುದು ಅವರ ವಾದದ ಸಾರ. ೨೦೦೦ದಲ್ಲಿ ಬಂದ ಮೂರನೆಯ ಆವೃತ್ತಿಯು ಸುತ್ತನ್ನು ಆರು ಸೆಕೆಂಡಿಗೆ ಇಳಿಸಿತು. ಅಂದಿನಿಂದ ಆ ಅಳತೆಯೇ ನಿಂತಿದೆ. ಕಥೆಯ ಕಾಲ ಹತ್ತರಲ್ಲೊಂದು ಪಾಲಾಯಿತು, ಮೇಜಿನ ಕಾಲ ಹಾಗೆಯೇ ಉಳಿಯಿತು. ಆದುದರಿಂದ ಆಟವು ಹತ್ತು ಪಟ್ಟು ನಿಧಾನವಾಯಿತು ಎಂಬುದು ಇವರ ಲೆಕ್ಕ.

ಈ ಲೆಕ್ಕದಲ್ಲಿ ಒಂದು ದೋಷವಿದೆ. ೧೯೮೧ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಪ್ರಾರಂಭಿಕ ಆವೃತ್ತಿಯಲ್ಲಿ ಸುತ್ತು ಹತ್ತೇ ಸೆಕೆಂಡಿನದು. ಆದರೂ ಆ ಆಟದ ಕಾಳಗಗಳು ಬೇಗ ಮುಗಿಯುತ್ತವೆ. ಅಲ್ಲಿ ಮೊದಲ ಸರದಿ ಯಾರದೆಂಬುದನ್ನು ಪಕ್ಷಕ್ಕೊಂದು ದಾಳ ಹಾಕಿ ತೀರ್ಮಾನಿಸುತ್ತಾರೆ. ಒಂದು ಪಕ್ಷದವರೆಲ್ಲರೂ ಒಟ್ಟಿಗೆ ಸಮಾಲೋಚಿಸಿ ಆಡುತ್ತಾರೆ. ಒಬ್ಬ ಯೋಧನಿಗೆ ಒಂದು ಸುತ್ತಿನಲ್ಲಿ ಮಾಡಬಹುದಾದ ಕೆಲಸಗಳು ಕೆಲವೇ. ಮೂರನೆಯ ಆವೃತ್ತಿಯಾದರೋ ಚೌಕಗಳ ಮೇಲಣ ನಡೆಯನ್ನೂ, ಶತ್ರು ಹಾದುಹೋಗುವಾಗ ದೊರೆಯುವ ಅವಕಾಶದ ಪೆಟ್ಟನ್ನೂ ಸೂಕ್ಷ್ಮವಾಗಿ ವಿಧಿಸಿತು. ೨೦೦೮ರ ನಾಲ್ಕನೆಯ ಆವೃತ್ತಿಯು ಪ್ರತಿಯೊಂದು ಪಾತ್ರಕ್ಕೂ ಸದಾ ಬಳಸಬಹುದಾದವು, ಕಾಳಗಕ್ಕೊಮ್ಮೆ ಬಳಸಬಹುದಾದವು, ದಿನಕ್ಕೊಮ್ಮೆ ಬಳಸಬಹುದಾದವು ಎಂದು ಮೂರು ಬಗೆಯ ಶಕ್ತಿಗಳ ಪಟ್ಟಿಯನ್ನೇ ಒದಗಿಸಿತು. ಇತರರ ಸರದಿಯ ನಡುವೆ ಪ್ರವೇಶಿಸುವ ಶಕ್ತಿಗಳೂ ಅದರಲ್ಲಿ ಸೇರಿದ್ದುವು. ಹೀಗಾಗಿ ಕಥೆಯ ಸೆಕೆಂಡುಗಳ ಇಳಿಕೆಗಿಂತಲೂ, ಆ ಸೆಕೆಂಡುಗಳಲ್ಲಿ ತುಂಬಿದ ತೀರ್ಮಾನಗಳ ಏರಿಕೆಯೇ ನಿಧಾನಕ್ಕೆ ಹತ್ತಿರದ ಕಾರಣವೆಂದು ಹೇಳಬೇಕಾಗುತ್ತದೆ.

ಆದರೆ ತೀರ್ಮಾನಗಳು ಹೆಚ್ಚಿದ ಮಾತ್ರಕ್ಕೆ ಬೇಸರವಾಗಬೇಕೆ? ಚದುರಂಗದ ಆಟಗಾರನು ಒಂದು ನಡೆಗೆ ಅರ್ಧ ಗಂಟೆ ಆಲೋಚಿಸಿದರೂ ನೋಡುವವರು ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ರನ್ನನ 'ಗದಾಯುದ್ಧ'ದಲ್ಲಿ ಭೀಮ ದುರ್ಯೋಧನರ ಕಾಳಗವೇ ಕೇಂದ್ರ. ಭಾರತದ ಉಳಿದ ಕಥೆಯೆಲ್ಲವೂ ಸಿಂಹಾವಲೋಕನದಲ್ಲಿ ಬಂದುಹೋಗುತ್ತದೆ. ಒಂದು ದಿನದ ಕಥೆ ಇಡೀ ಕಾವ್ಯವನ್ನು ತುಂಬಿದರೂ ಅದನ್ನು ಯಾರೂ ಮಂದಗತಿಯೆಂದು ದೂರಿಲ್ಲ. ಆದುದರಿಂದ ವಿಳಂಬವೇ ದೋಷವಲ್ಲ. ವಿಳಂಬದೊಳಗೆ ಏನು ಬದಲಾಗುತ್ತಿದೆ ಎಂಬುದನ್ನು ಕೇಳಬೇಕು.

೪

ಈ ಪ್ರಶ್ನೆಯಿಂದ ಪ್ರಾಣಾಂಕದ ನಿಜವಾದ ದೌರ್ಬಲ್ಯವು ಗೋಚರವಾಗುತ್ತದೆ. ಚದುರಂಗದಲ್ಲಿ ಒಂದು ಕಾಯಿ ಸರಿದರೆ ಹಲಗೆಯ ಸ್ಥಿತಿಯೇ ಬೇರೆಯಾಗುತ್ತದೆ. ನಿನ್ನೆ ಇದ್ದ ದಾರಿ ಇಂದು ಮುಚ್ಚುತ್ತದೆ, ಹೊಸ ದಾರಿ ತೆರೆಯುತ್ತದೆ. ಪ್ರಾಣಾಂಕದ ಪದ್ಧತಿಯಲ್ಲಿ ನಲವತ್ತು ಅಂಕಗಳಿದ್ದ ಶತ್ರುವು ಮೂವತ್ತೊಂಬತ್ತನ್ನು ಕಳೆದುಕೊಂಡ ಮೇಲೂ ಮೊದಲಿನಂತೆಯೇ ನಿಲ್ಲುತ್ತಾನೆ, ಮೊದಲಿನಷ್ಟೇ ಬಲವಾಗಿ ಹೊಡೆಯುತ್ತಾನೆ. ಕೊನೆಯ ಒಂದು ಅಂಕ ಹೋದಾಗ ಮಾತ್ರ ಬೀಳುತ್ತಾನೆ. ಇದು ಸಾಲವನ್ನು ಕಂತುಕಂತಾಗಿ ತೀರಿಸುವ ಕ್ರಮದಂತಿದೆ. ಕೊನೆಯ ಕಂತಿನವರೆಗೂ ಅಡವಿನ ಪತ್ರವು ಹಾಗೆಯೇ ಉಳಿದಿರುತ್ತದೆ; ನಡುವಣ ಕಂತುಗಳಲ್ಲಿ ಘಟನೆಯೆಂಬುದಿಲ್ಲ, ಖಾತೆಯ ಬರಹ ಮಾತ್ರ ಇದೆ.

ಕಾಲಕ್ರಮದಲ್ಲಿ ಈ ಸಾಲದ ಮೊತ್ತವೂ ಬೆಳೆದಿದೆ. ೧೯೭೭ರ ದೈತ್ಯಜಂತುಗಳ ಕೋಶದಲ್ಲಿ ಅತ್ಯಂತ ವೃದ್ಧವೂ ದೊಡ್ಡದೂ ಆದ ಕೆಂಪು ಡ್ರ್ಯಾಗನ್ನಿಗೆ ಹೆಚ್ಚೆಂದರೆ ೮೮ ಪ್ರಾಣಾಂಕಗಳು. ೨೦೧೪ರ ಐದನೆಯ ಆವೃತ್ತಿಯ ಕೋಶದಲ್ಲಿ ಅದೇ ಪ್ರಾಣಿಗೆ ೫೪೬. ಆದರೆ ಗಾಬ್ಲಿನ್ ಎಂಬ ಕ್ಷುದ್ರ ಶತ್ರುವಿಗೆ ಅಂದು ಒಂದರಿಂದ ಏಳರವರೆಗೆ ಇದ್ದುದು ೨೦೧೪ರಲ್ಲಿ ಏಳಕ್ಕೆ ನಿಂತಿತು. ನಡುವೆ ಬಂದ ೨೦೦೮ರ ಕೋಶದಲ್ಲಿ ಓರ್ಕಸ್ ಎಂಬ ರಾಕ್ಷಸರಾಜನಿಗೆ ೧೫೨೫ ಪ್ರಾಣಾಂಕಗಳಿದ್ದುವು. ವೀರರ ಪೆಟ್ಟುಗಳೂ ಇದರೊಂದಿಗೆ ಹೆಚ್ಚಿವೆ ಎಂಬುದು ನಿಜ. ಐದನೆಯ ಆವೃತ್ತಿಯಲ್ಲಿ ಇಪ್ಪತ್ತನೆಯ ಮಟ್ಟದ ಯೋಧನು ಒಂದು ಸರದಿಯಲ್ಲಿ ನಾಲ್ಕು ಬಾರಿ ಹೊಡೆಯಬಲ್ಲನು. ಆದರೆ ಜಮಾ ಖರ್ಚು ಎರಡನ್ನೂ ಒಟ್ಟಿಗೆ ಏರಿಸಿದರೆ ಶಿಲ್ಕಿನಲ್ಲಿ ವ್ಯತ್ಯಾಸವಾಗದು. ಗುಮಾಸ್ತನ ಕೆಲಸ ಮಾತ್ರ ಹೆಚ್ಚುತ್ತದೆ.

ನ್ಯಾಯವಾಗಿ ಹೇಳುವುದಾದರೆ, ಈ ದೋಷವನ್ನು ಕಂಡುಕೊಂಡು ತಿದ್ದಲು ಯತ್ನಿಸಿದವರಲ್ಲಿ ಇದೇ ಆಟದ ರಚನಕಾರರೂ ಇದ್ದಾರೆ. ನಾಲ್ಕನೆಯ ಆವೃತ್ತಿಯಲ್ಲಿ ಅರ್ಧದಷ್ಟು ಪ್ರಾಣಾಂಕ ಕಳೆದವನನ್ನು 'ರಕ್ತಸಿಕ್ತ'ನೆಂದು ಗುರುತಿಸಿ, ಆಗ ಕೆಲವು ಜೀವಿಗಳ ವರ್ತನೆ ಬದಲಾಗುವಂತೆ ಮಾಡಿದರು. ನಡುದಾರಿಯಲ್ಲಿ ಒಂದು ಘಟನೆಯನ್ನು ಇಟ್ಟ ಈ ಯೋಚನೆ ಶ್ಲಾಘ್ಯವಾದುದು. ೨೦೧೦ರಲ್ಲಿ ಬಂದ ಮೂರನೆಯ ಕೋಶದಲ್ಲಿ ದೈತ್ಯಜಂತುಗಳ ಪೆಟ್ಟಿನ ಬಲವನ್ನು ಹೆಚ್ಚಿಸಿದರು. ಅಪಾಯ ಹೆಚ್ಚಿದಷ್ಟೂ ಕಾಯುವವನ ಗಮನ ಜಾರದು. ಐದನೆಯ ಆವೃತ್ತಿಯಲ್ಲಿ ಬಗೆಬಗೆಯ ಕೂಡುವ ಕಳೆಯುವ ಅಂಕಗಳಲ್ಲಿ ಹಲವನ್ನು ಬಿಟ್ಟು, ಅನುಕೂಲವಿದ್ದವನು ಎರಡು ದಾಳಗಳನ್ನು ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲಿ ಎಂಬ ಸುಲಭ ನಿಯಮವನ್ನು ತಂದರು. ಆದರೆ ೨೦೨೪ರ ಪರಿಷ್ಕೃತ ಗ್ರಂಥವು ಆಯುಧಕ್ಕೊಂದು ವಿಶೇಷ ಫಲವನ್ನು ಸೇರಿಸಿ, ಕೆಲವು ಪೆಟ್ಟುಗಳ ಹಿಂದೆ ಮತ್ತೊಂದು ದಾಳವನ್ನು ಉರುಳಿಸುವಂತೆ ಮಾಡಿದೆ. ಒಂದು ಕೈಯಿಂದ ಉಳಿಸಿದ ಕಾಲವನ್ನು ಇನ್ನೊಂದು ಕೈಯಿಂದ ವ್ಯಯಿಸಿದಂತಾಯಿತು.

೫

ಬೇರೆ ರಚನಕಾರರು ಹಿಡಿದ ದಾರಿಗಳೂ ವಿಚಾರಾರ್ಹವಾಗಿವೆ. ೧೯೭೫ರಲ್ಲಿಯೇ ಕೆನ್ ಸೇಂಟ್ ಆಂಡ್ರೆ ಅವರು 'ಟನಲ್ಸ್ ಅಂಡ್ ಟ್ರೋಲ್ಸ್' ಎಂಬ ಆಟದಲ್ಲಿ ಎರಡು ಪಕ್ಷಗಳವರೂ ತಮ್ಮ ದಾಳಗಳನ್ನೆಲ್ಲ ಒಟ್ಟಿಗೆ ಉರುಳಿಸಿ ಮೊತ್ತಗಳನ್ನು ಹೋಲಿಸುವ ಕ್ರಮವನ್ನು ತಂದರು. ಸೋತ ಪಕ್ಷವು ವ್ಯತ್ಯಾಸದಷ್ಟು ಪೆಟ್ಟನ್ನು ಹಂಚಿಕೊಳ್ಳುತ್ತದೆ. ಇಲ್ಲಿ ಸರದಿಗಾಗಿ ಕಾಯುವ ಪ್ರಸಂಗವೇ ಇಲ್ಲ. ಆದರೆ ಒಬ್ಬೊಬ್ಬನ ಶೌರ್ಯವು ಮೊತ್ತದಲ್ಲಿ ಕರಗಿಹೋಗುತ್ತದೆ. ಕ್ರಿಸ್ ಮೆಕ್‌ಡೊವಾಲ್ ಅವರ 'ಇಂಟು ದಿ ಆಡ್' (೨೦೧೪) ಪೆಟ್ಟು ತಗಲಿತೇ ಇಲ್ಲವೇ ಎಂಬ ಉರುಳನ್ನೇ ಕಿತ್ತುಹಾಕಿ, ನೇರವಾಗಿ ಹಾನಿಯ ದಾಳವನ್ನು ಉರುಳಿಸುತ್ತದೆ. ಇಲ್ಲಿ ಫಲವಿಲ್ಲದ ಸರದಿ ಎಂಬುದು ಅಪರೂಪ. ಹತ್ತು ನಿಮಿಷ ಕಾದು ಉರುಳಿಸಿದ ದಾಳ ವ್ಯರ್ಥವಾದಾಗ ಆಗುವ ನಿರಾಶೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ವಿನ್ಸೆಂಟ್ ಬೇಕರ್ ಅವರ 'ಅಪಾಕಲಿಪ್ಸ್ ವರ್ಲ್ಡ್' (೨೦೧೦) ಇನ್ನೂ ಮುಂದೆ ಹೋಯಿತು. ಅಲ್ಲಿ ನಿಯತವಾದ ಸರದಿಯೇ ಇಲ್ಲ. ಸೂತ್ರಧಾರನು ದಾಳವನ್ನು ಮುಟ್ಟುವುದಿಲ್ಲ. ಆಟಗಾರನು ಎರಡು ದಾಳಗಳನ್ನು ಉರುಳಿಸುತ್ತಾನೆ: ಹತ್ತು ಅಥವಾ ಹೆಚ್ಚಾದರೆ ಪೂರ್ಣ ಜಯ, ಏಳರಿಂದ ಒಂಬತ್ತಾದರೆ ಬೆಲೆ ತೆತ್ತು ಪಡೆದ ಜಯ, ಆರು ಅಥವಾ ಕಡಮೆಯಾದರೆ ವಿಪತ್ತು. ಒಂದೇ ಉರುಳು ಎರಡೂ ಪಕ್ಷಗಳ ಕಥೆಯನ್ನು ಮುಂದೂಡುತ್ತದೆ. ಫರ್ಡಿ ದ್ಯು ವೆರ್ನ್ವಾ ಬಯಸಿದ ವಿವೇಚನೆಯ ಸ್ವಾತಂತ್ರ್ಯವು ಇಲ್ಲಿ ಹೊಸ ವೇಷದಲ್ಲಿ ಮರಳಿ ಬಂದಿದೆ ಎನ್ನಬಹುದು. ಇದರ ಅಪಾಯವೂ ಅದೇ: ಸೂತ್ರಧಾರನು ಕಲ್ಪನಾಶೀಲನಾಗದಿದ್ದರೆ ಆಸರೆಯಾಗಬಲ್ಲ ನಿಯಮಗಳು ಇಲ್ಲಿ ಕೆಲವೇ.

ಇವೆಲ್ಲದರ ನಡುವೆ 'ಥರ್ಟೀಂತ್ ಏಜ್' (೨೦೧೩) ಎಂಬ ಆಟವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಇದರ ಕರ್ತೃಗಳಲ್ಲಿ ಜಾನಥನ್ ಟ್ವೀಟ್ ಅವರು ಮೂರನೆಯ ಆವೃತ್ತಿಯ, ರಾಬ್ ಹೈನ್ಸೂ ಅವರು ನಾಲ್ಕನೆಯ ಆವೃತ್ತಿಯ ಪ್ರಧಾನ ರಚನಕಾರರಾಗಿದ್ದವರು. ಮೇಜಿನ ನಡುವೆ ಆರು ಮುಖದ ಒಂದು ದೊಡ್ಡ ದಾಳವನ್ನು ಇಟ್ಟು, ಎರಡನೆಯ ಸುತ್ತಿನಿಂದ ಸುತ್ತಿಗೊಂದು ಅಂಕದಂತೆ ಅದನ್ನು ಏರಿಸುತ್ತಾರೆ. ಆ ಅಂಕವು ವೀರರ ಪ್ರತಿಯೊಂದು ಹೊಡೆತಕ್ಕೂ ಸೇರುತ್ತದೆ. ಕಾಳಗವು ಮುಂದುವರಿದಷ್ಟೂ ಅದರ ವೇಗ ಹೆಚ್ಚುತ್ತದೆ. ಸಂಗೀತದಲ್ಲಿ ವಿಳಂಬದಿಂದ ಆರಂಭಿಸಿ ದ್ರುತದಲ್ಲಿ ಮುಗಿಸುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಕಾಲವನ್ನು ಕಡಮೆ ಮಾಡುವುದಕ್ಕಿಂತ ಕಾಲಕ್ಕೊಂದು ಆಕಾರವನ್ನು ಕೊಟ್ಟುದು ಇದರ ಹೆಚ್ಚಳ.

೬

ಆದರೂ ಈ ಸುಧಾರಣೆಗಳಲ್ಲಿ ಹೆಚ್ಚಿನವು ಕಾಳಗ ಹೇಗೆ ನಡೆಯಬೇಕೆಂಬುದನ್ನು ವಿಚಾರಿಸುತ್ತವೆಯೇ ಹೊರತು ಅದು ಯಾವಾಗ ಮುಗಿಯಬೇಕೆಂಬುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಅತ್ಯಂತ ಬೇಸರದ ಗಳಿಗೆಯು ಕಾಳಗದ ಆರಂಭದಲ್ಲಿಯೂ ಇಲ್ಲ, ನಡುವಿನಲ್ಲಿಯೂ ಇಲ್ಲ. ಜಯಾಪಜಯಗಳು ನಿಶ್ಚಯವಾದ ಮೇಲೂ ಉಳಿದ ನಾಲ್ವರು ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಕೆಡಹುವ ಆ ಅರ್ಧ ಗಂಟೆಯಲ್ಲಿದೆ. ಆಗ ಆಟಗಾರನು ತನ್ನ ಸರದಿಗಾಗಿ ಕಾಯುತ್ತಿದ್ದರೂ ಅವನಲ್ಲಿ ನಿರೀಕ್ಷೆಯಿಲ್ಲ.

೧೯೮೧ರ ಆವೃತ್ತಿಯು ಇದಕ್ಕೊಂದು ಮದ್ದನ್ನು ಇಟ್ಟುಕೊಂಡಿತ್ತು. ಅಲ್ಲಿ ದೈತ್ಯಜಂತುಗಳ ವಿವರಣೆಯೊಡನೆ ಎರಡರಿಂದ ಹನ್ನೆರಡರವರೆಗಿನ ಒಂದು ಧೃತಿಯ ಅಂಕವಿದೆ. ಪಕ್ಷದಲ್ಲಿ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧದಷ್ಟು ಮಂದಿ ಬಿದ್ದಾಗ ಇನ್ನೊಮ್ಮೆ ಸೂತ್ರಧಾರನು ಎರಡು ದಾಳಗಳನ್ನು ಉರುಳಿಸುತ್ತಾನೆ. ಮೊತ್ತವು ಆ ಅಂಕವನ್ನು ಮೀರಿದರೆ ಶತ್ರುಗಳು ಓಡುತ್ತಾರೆ ಅಥವಾ ಶರಣಾಗುತ್ತಾರೆ. ಅದೇ ಆಟದಲ್ಲಿ ಒಂದು ಹೊನ್ನಿನ ನಾಣ್ಯವನ್ನು ಸಂಪಾದಿಸಿ ತಂದುದಕ್ಕೆ ಒಂದು ಅನುಭವಾಂಕ; ಆರ್ಕ್ ಎಂಬ ಶತ್ರುವನ್ನು ಗೆದ್ದುದಕ್ಕೆ ಹತ್ತು ಮಾತ್ರ. ಹೊಡೆದಾಡುವುದಕ್ಕಿಂತ ಉಪಾಯದಿಂದ ನಿಧಿಯನ್ನು ತರುವುದೇ ಲಾಭವೆಂದು ಲೆಕ್ಕವೇ ಕಲಿಸುತ್ತಿತ್ತು. ಮೂರನೆಯ ಆವೃತ್ತಿಯು ಹೊನ್ನಿಗೆ ಕೊಡುತ್ತಿದ್ದ ಅನುಭವಾಂಕವನ್ನು ಕೈಬಿಟ್ಟು, ಎದುರಾದ ಸವಾಲುಗಳನ್ನು ಗೆದ್ದುದಕ್ಕೆ ಅದನ್ನು ಮೀಸಲಿಟ್ಟಿತು. ಧೃತಿಯ ಅಂಕವೂ ಅದರೊಡನೆ ಮರೆಯಾಯಿತು. ಐದನೆಯ ಆವೃತ್ತಿಯ ೨೦೧೪ರ ಕೈಪಿಡಿಯಲ್ಲಿ ಧೃತಿಯು ಐಚ್ಛಿಕ ನಿಯಮವಾಗಿ ಮಾತ್ರ ಉಳಿಯಿತು. ಕೊಲ್ಲುವುದಕ್ಕೆ ಬಹುಮಾನವಿದ್ದು, ಓಡಿಹೋಗುವುದಕ್ಕೆ ನಿಯಮವಿಲ್ಲದ ಕಡೆ ಕಾಳಗವು ಕಡೆಯ ಪ್ರಾಣಾಂಕದವರೆಗೂ ಎಳೆಯದೆ ಇನ್ನೇನು ಮಾಡೀತು?

ಇದಕ್ಕೆ ಎದುರಾಗಿ, ಗುಟುಕುಗುಟುಕಾಗಿ ತಂತ್ರವನ್ನು ಹೂಡುವ ದೀರ್ಘ ಕಾಳಗವೇ ತಮಗೆ ಪ್ರಿಯವೆನ್ನುವ ಆಟಗಾರರ ಮಾತನ್ನು ತಳ್ಳಿಹಾಕಲಾಗದು. ಅವರಿಗೆ ನಾಲ್ಕನೆಯ ಆವೃತ್ತಿಯೇ ಶ್ರೇಷ್ಠವಾಗಿ ಕಂಡರೆ ಆಶ್ಚರ್ಯವಿಲ್ಲ. ಅದರ ಕಾಳಗದಲ್ಲಿ ಸ್ಥಾನ, ಸಮಯ, ಸಹಕಾರಗಳ ಸೊಗಸು ನಿಜವಾಗಿಯೂ ಇದೆ. ಆದರೆ ಅಂಥವರೂ ನಿಶ್ಚಿತವಾದ ಫಲಕ್ಕಾಗಿ ಕಾಯುವುದನ್ನು ಸುಖವೆಂದು ಹೇಳುವುದಿಲ್ಲ. ಫಲವು ತೂಗುತ್ತಿರುವಷ್ಟು ಹೊತ್ತು ಕಾಳಗ ಎಷ್ಟೇ ದೀರ್ಘವಾಗಲಿ ಅದು ಕಥೆಯಾಗಿರುತ್ತದೆ. ತಕ್ಕಡಿ ನಿಂತ ಮೇಲೆ ಸೂತ್ರಧಾರನು ಎರಡು ಮಾತುಗಳಲ್ಲಿ ಅದನ್ನು ಮುಗಿಸಿ ಮುಂದಿನ ದೃಶ್ಯಕ್ಕೆ ಹೋಗುವುದೇ ಔಚಿತ್ಯ.

ಅರ್ನೆಸನ್ ಅವರ ಗೆಳೆಯರು ತಮ್ಮ ಪಾತ್ರಗಳು ಬಾಳಬೇಕೆಂದು ಬಯಸಿದ್ದರಿಂದ ಕಾಳಗವು ದೀರ್ಘವಾಯಿತು. ಆ ಬಯಕೆಯಲ್ಲಿ ತಪ್ಪಿಲ್ಲ. ಆದರೆ ಮೇಜಿನ ಸುತ್ತ ಕುಳಿತವರಲ್ಲಿ ಪಾತ್ರಗಳಲ್ಲದೆ ಮನುಷ್ಯರೂ ಇದ್ದಾರೆ. ಅವರ ಸಂಜೆಯೂ ಅಷ್ಟೇ ಪರಿಮಿತವಾದುದು. ಇನ್ನು ಮುಂದೆ ನಿಯಮಗಳನ್ನು ರಚಿಸುವವರು ಶತ್ರುವಿನ ಪ್ರಾಣಾಂಕವನ್ನು ಎಣಿಸುವಷ್ಟೇ ಎಚ್ಚರಿಕೆಯಿಂದ ಕಾಯುತ್ತಿರುವ ಗೆಳೆಯನ ನಿಮಿಷಗಳನ್ನೂ ಎಣಿಸಿದರೆ, ಐವತ್ತು ವರ್ಷಗಳನ್ನು ದಾಟಿರುವ ಈ ಕಥನಪ್ರಕಾರಕ್ಕೆ ಅದರಿಂದ ಒಳಿತೇ ಆಗುವುದು.